ಮುಧೋಳ ನಾಯಿಗೆ ದಿನಾ ಏನು ಹಾಕುತ್ತೀರಿ? ರೊಟ್ಟಿ, ತತ್ತಿ, ಮೊಸರು ಸಾಕಾಗುತ್ತದಾ?

ನವನಗರದ ಚಿನ್ನಿ ಮನೆ

ಎಲ್ಲರಿಗೂ ನಮಸ್ಕಾರ. ನಾವು ಬಾಗಲಕೋಟೆ ನವನಗರದವರು. ಮನೆಯಲ್ಲಿ ಮುಧೋಳ ತಳಿಯ ಹೆಣ್ಣು ನಾಯಿ ಇದೆ, ಹೆಸರು ಚಿನ್ನಿ. ಎರಡು ವರ್ಷ ತುಂಬಿದೆ, ತೂಕ 24 ಕೆಜಿ. ಮರಿ ಆಗದ ಹಾಗೆ ಆಪರೇಷನ್ ಆಗಿದೆ. ಆಟ, ಓಟ ಎಲ್ಲಾ ಚೆನ್ನಾಗಿದೆ.

ಸಮಸ್ಯೆ ಇಷ್ಟೇ. ಮನೆಗೆ ಬಂದವರೆಲ್ಲಾ ಅವಳ ಪಕ್ಕೆಲುಬು ನೋಡಿ "ನಾಯಿಗೆ ಊಟ ಹಾಕೋದಿಲ್ವಾ?" ಅಂತ ಕೇಳುತ್ತಾರೆ. ಅಜ್ಜಿಗೆ ಆ ಮಾತು ತಡೆಯೋದಿಲ್ಲ. ಅವರು ರೊಟ್ಟಿ ಮುರಿದು, ಉಳಿದ ಸಾರು ಸುರಿದು, ಮೇಲೆ ತುಪ್ಪ ಹಾಕಿ ಕೊಡುತ್ತಾರೆ. ತಮ್ಮ ಅಂಗಡಿಯಿಂದ ಪ್ಯಾಕೆಟ್ ಆಹಾರ ತರುತ್ತಾನೆ. ಅಪ್ಪ ವಾರಕ್ಕೊಮ್ಮೆ ಚಿಕನ್ ತಂದು ಬೇಯಿಸುತ್ತಾರೆ. ಒಬ್ಬೊಬ್ಬರದು ಒಂದೊಂದು ಲೆಕ್ಕ. ಅವಳಿಗೆ ನಿಜವಾಗಿ ಏನು ಬೇಕು, ಎಷ್ಟು ಬೇಕು? ನಮ್ಮ ಭಾಗದಲ್ಲಿ ಸಿಗುವ ಜೋಳ, ಬೇಳೆ, ಮೊಸರು, ತತ್ತಿಯಲ್ಲೇ ಒಳ್ಳೆಯ ಊಟ ಮಾಡಿಕೊಡಬಹುದಾ? ಅನುಭವ ಇದ್ದವರು ಹೇಳಿ.

ಲೋಕಾಪುರದ ಹೊಲ

ತಂಗಿ, ಮೊದಲು ಆ ಪಕ್ಕೆಲುಬಿನ ಚಿಂತೆ ಬಿಡಮ್ಮಾ. ಮುಧೋಳ ನಾಯಿಯ ಮೈಕಟ್ಟೇ ಹಾಗೆ. ಓಡುವ ನಾಯಿ ಅದು. ಎದೆ ಆಳ, ಹೊಟ್ಟೆ ಒಳಕ್ಕೆ, ಸೊಂಟ ಸಣ್ಣ. ಹಿಂದಿನ ಎರಡು ಮೂರು ಎಲುಬು ತೆಳ್ಳಗೆ ಕಂಡರೆ ನಮ್ಮ ಕಡೆ ಅದನ್ನೇ ಚಂದ ಅನ್ನುತ್ತೇವೆ. ಲ್ಯಾಬ್ರಡಾರ್ ನೋಡಿ ರೂಢಿ ಆದ ಕಣ್ಣಿಗೆ ಇದು ಸೊರಗಿದ ಹಾಗೆ ಕಾಣುತ್ತದೆ.

ಊಟದ ಮಾತು ಬಂದರೆ, ನಮ್ಮ ಹಿರಿಯರು ಜೋಳದ ಅಂಬಲಿ, ನುಚ್ಚು, ಮಜ್ಜಿಗೆ ಹಾಕಿಯೇ ಬೆಳೆಸಿದ್ದು. ಪ್ಯಾಕೆಟ್ ಎಲ್ಲಿತ್ತು ಆಗ? ಘಟಪ್ರಭಾ ದಂಡೆಯ ಹಳ್ಳಿಗಳಲ್ಲಿ ಇವತ್ತಿಗೂ ಹಾಗೇ ಸಾಕುತ್ತಾರೆ. ನಾಯಿಗಳು ಬಾಣದ ಹಾಗೆ ಓಡುತ್ತವೆ. ಅಜ್ಜಿ ಹಾಕುವ ರೊಟ್ಟಿಯಲ್ಲಿ ತಪ್ಪೇನೂ ಇಲ್ಲ. ಸಾರು ಮಾತ್ರ ಬೇಡ ಅಂತ ಹೇಳು.

ಗುಮ್ಮಟದೂರಿನವ

ಕಾಕಾ, ಬೇಜಾರಾಗಬೇಡಿ. ನಾಯಿ ತೋಳದ ವಂಶ. ಅದಕ್ಕೆ ಜೋಳ ಜೀರ್ಣ ಆಗೋದಿಲ್ಲ. ನಾನು ವಿಜಯಪುರದಲ್ಲಿ ನನ್ನ ನಾಯಿಗೆ ಹಸಿ ಮಾಂಸ, ಹಸಿ ಎಲುಬು, ಕುರಿಯ ಈಲಿ (ಲಿವರ್), ಗುಂಡಿಗೆ ಕೊಡುತ್ತೇನೆ. ಮೈಮೇಲಿನ ಕೂದಲು ಮಿಂಚುತ್ತದೆ. ಧಾನ್ಯ ಕೊಟ್ಟರೆ ಅಲರ್ಜಿ ಬರುತ್ತದೆ ಅಂತ ಎಲ್ಲಾ ಕಡೆ ಹೇಳುತ್ತಾರೆ.

ಬೆಳಗಾವಿ ಪಶುವೈದ್ಯೆ

ಚಿನ್ನಿ ಮನೆಯವರಿಗೆ ನಮಸ್ಕಾರ. ನಾನು ಬೆಳಗಾವಿಯಲ್ಲಿ ಸಾಕುಪ್ರಾಣಿಗಳ ಚಿಕಿತ್ಸೆ ಮಾಡುತ್ತೇನೆ. ಇಲ್ಲಿ ಎರಡು ಅಭಿಪ್ರಾಯ ಬಂದಿವೆ, ಎರಡರಲ್ಲೂ ಅರ್ಧ ಸತ್ಯ ಇದೆ. ಸ್ವಲ್ಪ ವಿವರವಾಗಿ ಬರೆಯುತ್ತೇನೆ. ದಿನಾ ನನ್ನ ಮುಂದೆ ಬರುವ ನಾಯಿಗಳಲ್ಲಿ ಊಟದಿಂದಲೇ ಕಾಯಿಲೆ ಬಿದ್ದವು ತುಂಬಾ ಇರುತ್ತವೆ. ಅದನ್ನು ನೋಡಿದಾಗ ಸಂಕಟ ಆಗುತ್ತದೆ.

ಮೊದಲು ಜೋಳ. ನಾಯಿ ತೋಳದಿಂದ ಬಂದದ್ದು ನಿಜ. ಆದರೆ ಮನುಷ್ಯನ ಜೊತೆ ಸಾವಿರಾರು ವರ್ಷ ಉಂಡು ಬದುಕಿ ಅದರ ಹೊಟ್ಟೆ ಬದಲಾಗಿದೆ. ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದನ್ನು ತೋರಿಸಿದರು. ಪಿಷ್ಟ ಕರಗಿಸುವ ಅಮೈಲೇಸ್ ತಯಾರಿಸುವ ಜೀನಿನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ತುಂಬಾ ಜಾಸ್ತಿ. ಚೆನ್ನಾಗಿ ಬೆಂದ ಜೋಳ, ಅಕ್ಕಿ, ಗೋಧಿ ನಾಯಿಗೆ ಜೀರ್ಣ ಆಗುತ್ತವೆ. ಬೆಂದಿರಬೇಕು, ಅಷ್ಟೇ. ಅಲರ್ಜಿ ಅಂದರೆ ನಾಯಿಗಳಲ್ಲಿ ಧಾನ್ಯಕ್ಕಿಂತ ದನದ ಮಾಂಸ, ಹಾಲಿನ ಪದಾರ್ಥ, ಕೋಳಿಯಿಂದ ಬರುವುದೇ ಹೆಚ್ಚು.

ಈಗ ಅಂಬಲಿ. ಲೋಕಾಪುರದ ಕಾಕಾ ಹೇಳಿದ ನಾಯಿಗಳು ಬರೀ ಅಂಬಲಿ ಕುಡಿದು ಬೆಳೆದವಲ್ಲ. ಹೊಲದಲ್ಲಿ ಇಲಿ, ಹೆಗ್ಗಣ ಹಿಡಿದು ತಿಂದವು. ಕುರಿಗಾರರ ಜೊತೆ ಹೋದಾಗ ಹಾಲು ಸಿಕ್ಕಿತು, ಮನೆಯಲ್ಲಿ ಆಗೊಮ್ಮೆ ಈಗೊಮ್ಮೆ ತತ್ತಿ ಸಿಕ್ಕಿತು. ನವನಗರದಲ್ಲಿ ಗೇಟಿನೊಳಗೆ ಇರುವ ಚಿನ್ನಿಗೆ ಅದ್ಯಾವುದೂ ಸಿಗೋದಿಲ್ಲ. ಅಂಬಲಿ ಒಂದೇ ಉಳಿಯುತ್ತದೆ. ಅಂಬಲಿ ಹೊಟ್ಟೆ ತುಂಬಿಸುತ್ತದೆ, ಸ್ನಾಯು ಕಟ್ಟುವ ಪ್ರೋಟೀನ್ ಅದರಲ್ಲಿ ಸಾಲದು.

ಹಸಿ ಮಾಂಸದ ಬಗ್ಗೆ ನನಗೆ ಭಯ ಇದೆ, ಅದನ್ನು ಬಿಚ್ಚಿ ಹೇಳುತ್ತೇನೆ. ಕುರಿ, ಆಡಿನ ಈಲಿ ಮತ್ತು ಪುಪ್ಪಸದಲ್ಲಿ ನೀರುಗುಳ್ಳೆಗಳು ಇರಬಹುದು. ಅದು ಎಕಿನೊಕಾಕಸ್ ಅನ್ನುವ ಸಣ್ಣ ಲಾಡಿಹುಳದ ಮರಿ ಹಂತ. ನಾಯಿ ಅದನ್ನು ಹಸಿಯಾಗಿ ತಿಂದರೆ ಕರುಳಲ್ಲಿ ಹುಳ ಬೆಳೆಯುತ್ತದೆ. ನಾಯಿಗೆ ಏನೂ ಆದ ಹಾಗೆ ಕಾಣೋದಿಲ್ಲ. ಆದರೆ ಮಲದಲ್ಲಿ ಮೊಟ್ಟೆ ಹೊರಗೆ ಬರುತ್ತವೆ. ಅವು ಮನೆಯ ಮಕ್ಕಳ ಬಾಯಿ ಸೇರಿದರೆ ಅವರ ಈಲಿಯಲ್ಲೋ ಪುಪ್ಪಸದಲ್ಲೋ ಗುಳ್ಳೆ ಬೆಳೆಯುತ್ತದೆ. ಆಪರೇಷನ್‌ವರೆಗೂ ಹೋಗುತ್ತದೆ. ಇದಲ್ಲದೆ ಸಾಲ್ಮೊನೆಲ್ಲಾ ಅನ್ನುವ ರೋಗಾಣು ಇದೆ. ದಯವಿಟ್ಟು ಪೂರ್ತಿ ಬೇಯಿಸಿ ಕೊಡಿ. ಈಲಿಯೂ ಅಷ್ಟೇ, ಒಟ್ಟು ಊಟದ ಇಪ್ಪತ್ತರಲ್ಲಿ ಒಂದು ಪಾಲು ಮೀರಬಾರದು. ಜಾಸ್ತಿ ಆದರೆ ಎ ವಿಟಮಿನ್ ಮೈಯಲ್ಲಿ ಕೂಡುತ್ತಾ ಹೋಗಿ ಎಲುಬು, ಕೀಲು ಕೆಡುತ್ತವೆ.

ಗುಮ್ಮಟದೂರಿನವ

ಮೇಡಂ, ಹುಳದ ವಿಷಯ ನಿಜವಾಗಿಯೂ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಸಣ್ಣ ಮಗು ಇದೆ. ಜಂತು ಔಷಧಿ ಕೊಡುತ್ತಾ ಇದ್ದೇವೆ, ಸಾಕಲ್ವಾ?

ಬೆಳಗಾವಿ ಪಶುವೈದ್ಯೆ

ಔಷಧಿಯಲ್ಲಿ ಪ್ರಾಜಿಕ್ವಾಂಟೆಲ್ ಇದೆಯಾ ನೋಡಿ. ಲಾಡಿಹುಳಕ್ಕೆ ಅದೇ ಬೇಕು. ಕೆಲವು ಮಾತ್ರೆಗಳು ಬರೀ ದುಂಡುಹುಳಕ್ಕೆ ಇರುತ್ತವೆ. ಎಷ್ಟು ಸಲ ಕೊಡಬೇಕು ಅಂತ ನಿಮ್ಮ ವೈದ್ಯರು ನಾಯಿಯನ್ನು ನೋಡಿ ಹೇಳಲಿ. ಆದರೆ ಒಂದು ಕಡೆ ಔಷಧಿ, ಇನ್ನೊಂದು ಕಡೆ ಹಸಿ ಈಲಿ ಕೊಟ್ಟರೆ ಪ್ರಯೋಜನ ಇಲ್ಲ. ಮೊದಲು ಒಲೆ ಹಚ್ಚಿ.

ಬೆಂದ ಎಲುಬು ಮಾತ್ರ ಬೇಡವೇ ಬೇಡ. ಬೆಂದ ಮೇಲೆ ಅದು ಚೂಪಾಗಿ ಸೀಳುತ್ತದೆ. ಗಂಟಲು, ಕರುಳು ಚುಚ್ಚಿಕೊಂಡ ನಾಯಿಗಳಿಗೆ ನಾನು ಚಿಕಿತ್ಸೆ ಮಾಡಿದ್ದೇನೆ. ಎಲುಬು ತೆಗೆದ ಮಾಂಸವನ್ನೇ ಕೊಡಿ.

ತಿಕೋಟಾ ದ್ರಾಕ್ಷಿ ತೋಟ

ಒಂದು ಎಚ್ಚರಿಕೆ ಹೇಳಲೇಬೇಕು. ನಮ್ಮದು ತಿಕೋಟಾ ಕಡೆ ದ್ರಾಕ್ಷಿ ತೋಟ, ಒಣದ್ರಾಕ್ಷಿ ಮಾಡುವ ಶೆಡ್ ಇದೆ. ನಮ್ಮ ಭಾಗದಲ್ಲಿ ಪ್ರತಿ ಶೆಡ್ಡಿಗೂ ಕಾವಲಿಗೆ ನಾಯಿ ಇರುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನೆಲದ ಮೇಲೆಲ್ಲಾ ಕಾಳು ಬಿದ್ದಿರುತ್ತವೆ. ದ್ರಾಕ್ಷಿ ಮತ್ತು ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತವೆ. ಇದು ತೋಟದವರಿಗೇ ಗೊತ್ತಿಲ್ಲ! "ನಮ್ಮ ನಾಯಿ ತಿಂದರೂ ಏನೂ ಆಗಿಲ್ಲ" ಅನ್ನುತ್ತಾರೆ. ಒಂದು ನಾಯಿಗೆ ಆಗೋದಿಲ್ಲ, ಪಕ್ಕದ ತೋಟದ ನಾಯಿ ಅಷ್ಟೇ ತಿಂದು ಹೋಗಿಬಿಡುತ್ತದೆ. ನಾವು ಈಗ ಶೆಡ್ಡಿನ ಸುತ್ತ ಬಲೆ ಕಟ್ಟಿದ್ದೇವೆ. ಕಸ ಗುಡಿಸಿ ಅದೇ ದಿನ ಹೊರಗೆ ಹಾಕುತ್ತೇವೆ.

ಇಳಕಲ್ ಅಕ್ಕ

ಅಯ್ಯೋ, ಹಾಗಾದರೆ ಪಂಚಮಿಯ ರವೆ ಉಂಡಿ? ಅದರಲ್ಲಿ ಒಣದ್ರಾಕ್ಷಿ ಹಾಕೇ ಹಾಕುತ್ತೇವೆ. ಮಕ್ಕಳು ಅರ್ಧ ತಿಂದು ನಾಯಿಗೆ ಕೊಡುತ್ತಾರೆ. ಕರದಂಟಿಗೂ ಕೆಲವರು ಹಾಕುತ್ತಾರೆ.

ಬೆಳಗಾವಿ ಪಶುವೈದ್ಯೆ

ಇಳಕಲ್ ಅಕ್ಕಾ, ಖಂಡಿತ ಬೇಡ. ಹಬ್ಬದ ಮರುದಿನ ನಮ್ಮಲ್ಲಿ ಸಾಲು ಹಚ್ಚುವುದು ಇದೇ ಕಾರಣಕ್ಕೆ. ಒಣದ್ರಾಕ್ಷಿ ತಿಂದ ನಾಯಿ ಸಾಮಾನ್ಯವಾಗಿ ಒಂದು ದಿನದೊಳಗೆ ವಾಂತಿ ಮಾಡುತ್ತದೆ. ಮಂಕಾಗುತ್ತದೆ. ಒಂದರಿಂದ ಮೂರು ದಿನದೊಳಗೆ ಮೂತ್ರಪಿಂಡ ಕೈಕೊಡಬಹುದು. ಇಷ್ಟು ತಿಂದರೆ ಪರವಾಗಿಲ್ಲ ಅನ್ನುವ ಸುರಕ್ಷಿತ ಅಳತೆಯೇ ಇಲ್ಲ.

ಇದರ ಕಾರಣ ತುಂಬಾ ವರ್ಷ ಸಿಕ್ಕಿರಲಿಲ್ಲ. 2021ರಲ್ಲಿ ಅಮೆರಿಕದ ಪ್ರಾಣಿ ವಿಷತಜ್ಞರು ಟಾರ್ಟಾರಿಕ್ ಆಮ್ಲದ ಕಡೆ ಬೆರಳು ತೋರಿಸಿದರು. ದ್ರಾಕ್ಷಿಯಲ್ಲಿ ಅದು ಹೇರಳ. ಇನ್ನೂ ಎಲ್ಲಿದೆ ಗೊತ್ತಾ? ನಮ್ಮ ಹುಣಸೆಹಣ್ಣಿನಲ್ಲಿ. ಹುಣಸೆ ತಿಂದು ಮೂತ್ರಪಿಂಡ ಕೆಟ್ಟ ನಾಯಿಗಳ ವರದಿಯೂ ಆಮೇಲೆ ಬಂದಿದೆ. ಹಾಗಾಗಿ ಅಜ್ಜಿ ರೊಟ್ಟಿಯ ಮೇಲೆ ಸುರಿಯುವ ಸಾರಿನ ಬಗ್ಗೆ ನನಗೆ ಕೋಪ ಇಲ್ಲ, ಕಾಳಜಿ ಇದೆ. ಅದರಲ್ಲಿ ಹುಣಸೆ ಇದೆ. ಉಪ್ಪು, ಖಾರ ಇದೆ. ಒಗ್ಗರಣೆಯಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಇದೆ.

ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ಬೇಯಿಸಿದರೂ, ಹುರಿದರೂ, ಪುಡಿ ಮಾಡಿದರೂ ಆ ಗುಣ ಹೋಗೋದಿಲ್ಲ. ನಾಯಿಯ ಪ್ರತಿ ಕೆಜಿ ತೂಕಕ್ಕೆ 15ರಿಂದ 30 ಗ್ರಾಂ ಉಳ್ಳಾಗಡ್ಡಿ ಹೊಟ್ಟೆಗೆ ಹೋದರೆ ರಕ್ತದಲ್ಲಿ ಸ್ಪಷ್ಟ ತೊಂದರೆ ಕಾಣುತ್ತದೆ. 5 ಕೆಜಿಯ ಮರಿಗೆ ಅದು ಒಂದು ಸಾಧಾರಣ ಗಡ್ಡೆ ಅಷ್ಟೇ. ಬೆಳ್ಳುಳ್ಳಿಯ ಕಸು ಇನ್ನೂ ಹೆಚ್ಚು. ತಿಂದ ದಿನ ಏನೂ ಕಾಣೋದಿಲ್ಲ. ಕೆಲವು ದಿನ ಬಿಟ್ಟು ವಸಡು ಬಿಳಿಚಿ, ನಾಯಿ ಏದುಸಿರು ಬಿಡುತ್ತದೆ, ಮೂತ್ರ ಕಂದು ಬಣ್ಣಕ್ಕೆ ತಿರುಗುತ್ತದೆ. ದಿನಾ ಸ್ವಲ್ಪ ಸ್ವಲ್ಪ ಕೊಟ್ಟರೂ ನಿಧಾನಕ್ಕೆ ರಕ್ತ ಕಡಿಮೆ ಆಗುತ್ತದೆ. ಶೇಂಗಾ ಚಟ್ನಿ, ಕೆಂಪು ಖಾರ, ಝುಣಕ, ಎಣ್ಣೆಗಾಯಿ ಎಲ್ಲಾ ಈ ಕಾರಣಕ್ಕೇ ಬೇಡ. ಚಾಕೊಲೇಟ್ ಮತ್ತು ಕ್ಸೈಲಿಟಾಲ್ ಅನ್ನುವ ಸಿಹಿಪದಾರ್ಥ ಇರುವ ಸಕ್ಕರೆರಹಿತ ಚೂಯಿಂಗ್ ಗಮ್ ಕೂಡ ವಿಷ.

ಇಂಥದ್ದು ಏನಾದರೂ ತಿಂದದ್ದು ಕಂಡರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಅದರಿಂದ ರಕ್ತದಲ್ಲಿ ಉಪ್ಪಿನಂಶ ಏರಿ ಇನ್ನೊಂದು ಅಪಾಯ. ಏನು ತಿಂದಿದೆ, ಎಷ್ಟು ಹೊತ್ತಾಯಿತು ಅಂತ ಬರೆದುಕೊಂಡು ಕೂಡಲೇ ಆಸ್ಪತ್ರೆಗೆ ಬನ್ನಿ. ಮೊದಲ ಒಂದೆರಡು ಗಂಟೆ ತುಂಬಾ ಮುಖ್ಯ.

ನವನಗರದ ಚಿನ್ನಿ ಮನೆ

ಮೇಡಂ, ಇದನ್ನು ಅಜ್ಜಿಗೆ ಓದಿ ಹೇಳಿದೆ. ಸಾರು ಬಂದ್ ಅಂದರು. ಆದರೆ ಒಣ ರೊಟ್ಟಿ ಹೇಗೆ ತಿನ್ನುತ್ತದೆ ಅಂತ ಅವರ ಪ್ರಶ್ನೆ. ಎಷ್ಟು ಕೊಡಬೇಕು ಅನ್ನೋದನ್ನೂ ಹೇಳುತ್ತೀರಾ?

ಲೋಕಾಪುರದ ಹೊಲ

ಒಗ್ಗರಣೆ ಹಾಕುವ ಮೊದಲೇ ಬೇಳೆಕಟ್ಟು ತೆಗೆದಿಡಲು ಹೇಳು. ಉಪ್ಪಿಲ್ಲದ ಹೆಸರುಬೇಳೆ ಕಟ್ಟು, ಇಲ್ಲವೇ ತಿಳಿ ಮಜ್ಜಿಗೆ. ಅದರಲ್ಲಿ ರೊಟ್ಟಿ ನೆನೆಯಲಿ. ಕಟಕ ರೊಟ್ಟಿಯೂ ಮೆತ್ತಗಾಗುತ್ತದೆ. ಹಾಲು ಬೇಡ, ದೊಡ್ಡ ನಾಯಿಗೆ ಹಾಲು ಕುಡಿಸಿದರೆ ಎಷ್ಟೋ ಸಲ ಹೊಟ್ಟೆ ಜಾಡಿಸುತ್ತದೆ. ಮಜ್ಜಿಗೆ, ಮೊಸರು ತಡೆಯುತ್ತವೆ.

ಬೆಳಗಾವಿ ಪಶುವೈದ್ಯೆ

ಕಾಕಾ ಹೇಳಿದ್ದು ಸರಿಯಾಗಿದೆ. ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಕರಗಿಸುವ ಶಕ್ತಿ ಮರಿ ಬೆಳೆದ ಹಾಗೆ ಕಡಿಮೆ ಆಗುತ್ತದೆ. ಹೆಪ್ಪು ಹಾಕಿದಾಗ ಲ್ಯಾಕ್ಟೋಸ್ ಸ್ವಲ್ಪ ಇಳಿಯುತ್ತದೆ.

ಈಗ ಅಳತೆ. ಫೋನಿನ ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ. ತೂಕವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಮತ್ತೊಮ್ಮೆ ತೂಕದಿಂದ ಗುಣಿಸಿ. ಅಂದರೆ 24 × 24 × 24. ಬಂದ ಉತ್ತರಕ್ಕೆ ಎರಡು ಸಲ ವರ್ಗಮೂಲ ಒತ್ತಿ. ಅದನ್ನು 70ರಿಂದ ಗುಣಿಸಿ. ಚಿನ್ನಿಗೆ ಸುಮಾರು 760 ಕಿಲೋಕ್ಯಾಲರಿ ಬರುತ್ತದೆ. ಇದು ಸುಮ್ನೆ ಮಲಗಿದ್ದರೂ ಬೇಕಾದಷ್ಟು. ಆಪರೇಷನ್ ಆದ ದೊಡ್ಡ ನಾಯಿಗೆ ಇದರ 1.6 ಪಟ್ಟು, ಅಂದರೆ ಸುಮಾರು 1,200. ಆಪರೇಷನ್ ಆಗದ ನಾಯಿಗೆ 1.8 ಪಟ್ಟು. ದಿನಾ ಹೊಲದಲ್ಲಿ ಓಡುವುದಕ್ಕೆ ಇನ್ನೂ ಜಾಸ್ತಿ. ಇದು ಶುರು ಮಾಡುವ ಅಂಕಿ ಮಾತ್ರ. ಮುಂದೆ ನಾಯಿಯ ಮೈ ನೋಡಿ ಏರಿಸಿ, ಇಳಿಸಿ.

ಇದನ್ನು ನಮ್ಮ ಅಡುಗೆಮನೆಯ ಭಾಷೆಗೆ ತಂದರೆ ಹೀಗಾಗುತ್ತದೆ. 150 ಗ್ರಾಂ ಜೋಳದ ಹಿಟ್ಟಿನ ಮೂರು ರೊಟ್ಟಿ. ಎಲುಬು, ತೊಗಲು ತೆಗೆದು ಬೇಯಿಸಿದ ಕೋಳಿಮಾಂಸ 200 ಗ್ರಾಂ. ಬೇಯಿಸಿದ ತತ್ತಿ ಎರಡು. ಮೊಸರು ಒಂದು ಬಟ್ಟಲು. ಬೇಯಿಸಿದ ಕುಂಬಳಕಾಯಿ, ಗಜ್ಜರಿ, ಬೀನ್ಸ್ ಒಂದು ಹಿಡಿ. ಎಣ್ಣೆ ಒಂದೂವರೆ ಟೀ ಚಮಚ. ಹೆಚ್ಚುಕಮ್ಮಿ 1,200ಕ್ಕೆ ಬರುತ್ತದೆ. ಇದನ್ನು ಎರಡು ಹೊತ್ತಿಗೆ ಹಂಚಿ.

ಆದರೆ ಇಲ್ಲಿಗೆ ನಿಲ್ಲಿಸಿದರೆ ಊಟ ಪೂರ್ತಿ ಆಗೋದಿಲ್ಲ. ಎಲ್ಲರೂ ಬಿಡುವುದು ಕ್ಯಾಲ್ಸಿಯಂ. ಮಾಂಸದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ತೀರಾ ಕಡಿಮೆ. ಧಾನ್ಯದಲ್ಲೂ ಅದೇ ಕಥೆ. ಊಟದಲ್ಲಿ ಸಿಗದಿದ್ದರೆ ನಾಯಿಯ ಮೈ ತನ್ನ ಎಲುಬಿನಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಮೇಲೆ ಹೇಳಿದ ಊಟಕ್ಕೆ ಸುಮಾರು ಒಂದೂಕಾಲು ಗ್ರಾಂ ಕ್ಯಾಲ್ಸಿಯಂ ಸೇರಿಸಬೇಕು. ತತ್ತಿ ಸಿಪ್ಪೆ ತೊಳೆದು, ಕುದಿಸಿ, ಒಣಗಿಸಿ, ಮಿಕ್ಸರಿನಲ್ಲಿ ನುಣ್ಣಗೆ ಪುಡಿ ಮಾಡಿ. ಒಂದು ಟೀ ಚಮಚ ಪುಡಿ 5 ಗ್ರಾಂ ತೂಗಿದರೆ ಅದರಲ್ಲಿ ಎರಡು ಗ್ರಾಂ ಹತ್ತಿರ ಕ್ಯಾಲ್ಸಿಯಂ ಇರುತ್ತದೆ. ಹಾಗಾಗಿ ಚಿನ್ನಿಗೆ ದಿನಕ್ಕೆ ಅರ್ಧದಿಂದ ಮುಕ್ಕಾಲು ಟೀ ಚಮಚ. ಸತು, ತಾಮ್ರ, ಅಯೋಡಿನ್, ಡಿ ಮತ್ತು ಇ ವಿಟಮಿನ್ ಮನೆಯೂಟದಲ್ಲಿ ಕಡಿಮೆ ಬೀಳುತ್ತವೆ. ಅದಕ್ಕೆ ನಾಯಿಗೆಂದೇ ಬರುವ ವಿಟಮಿನ್, ಖನಿಜದ ಪುಡಿ ಬೇಕು. ನಿಮ್ಮ ಊಟದ ಪಟ್ಟಿಯನ್ನು ವೈದ್ಯರಿಗೆ ತೋರಿಸಿ, ಅವರು ಹೇಳಿದ್ದನ್ನೇ ತನ್ನಿ.

ಮರಿ ಸಾಕುವವರು ಮಾತ್ರ ಈ ಲೆಕ್ಕ ಹಿಡಿಯಬೇಡಿ. ಮರಿಗೆ ಕ್ಯಾಲ್ಸಿಯಂ ಕಡಿಮೆ ಆದರೆ ಕಾಲು ಡೊಂಕಾಗುತ್ತವೆ, ಎಲುಬು ತಾನಾಗಿ ಮುರಿಯುತ್ತದೆ. ಬೇಗ ಎತ್ತರ ಬೆಳೆಯುವ ತಳಿಯ ಮರಿಗೆ ಜಾಸ್ತಿ ಆದರೂ ಎಲುಬು ಕೆಡುತ್ತದೆ. ಅಂದಾಜಿನ ಮೇಲೆ ಬಾಟಲಿಗಟ್ಟಲೆ ಕ್ಯಾಲ್ಸಿಯಂ ಟಾನಿಕ್ ಕುಡಿಸುವವರನ್ನು ಕಂಡಾಗಲೆಲ್ಲಾ ತಡೆಯುತ್ತೇನೆ.

ಜಮಖಂಡಿ ಮೇಷ್ಟ್ರು

ನಮ್ಮದು ಲಿಂಗಾಯತ ಮನೆ. ಮಾಂಸ ಇರಲಿ, ತತ್ತಿಯೂ ಒಳಗೆ ಬರೋದಿಲ್ಲ. ಆದರೂ ನಾಯಿ ಅಂದರೆ ಪ್ರಾಣ. ನಮ್ಮ ಹಾಗೆ, ಜೈನರ ಹಾಗೆ ಇರುವ ಮನೆಗಳು ಈ ಮೂರೂ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ನಾವು ನಾಯಿ ಸಾಕಲೇಬಾರದಾ? ನೇರವಾಗಿ ಹೇಳಿ ಮೇಡಂ, ಬೇಸರ ಇಲ್ಲ.

ಗುಮ್ಮಟದೂರಿನವ

ಸರ್, ನಮ್ಮ ಧರ್ಮ ನಾಯಿಯ ಮೇಲೆ ಹೇರಬಾರದು ಅಂತ ನನ್ನ ಅಭಿಪ್ರಾಯ. ಹೊರಗೆ ಪಡಸಾಲೆಯಲ್ಲಿ ಬೇರೆ ಒಲೆ ಇಟ್ಟು ಬೇಯಿಸಬಹುದಲ್ವಾ?

ಜಮಖಂಡಿ ಮೇಷ್ಟ್ರು

ತಮ್ಮಾ, ಹೇರುವ ಮಾತಲ್ಲ ಇದು. ಎಂಬತ್ತು ದಾಟಿದ ತಾಯಿ ಇದ್ದಾರೆ. ಅವರ ಮನಸ್ಸು ನೋಯಿಸಿ ನಾನು ಬೇಯಿಸಲಾರೆ. ನಾಯಿಯ ಹೊಟ್ಟೆಗೂ ಮೋಸ ಆಗಬಾರದು. ಎರಡೂ ಉಳಿಯುವ ದಾರಿ ಕೇಳುತ್ತಿದ್ದೇನೆ.

ಬೆಳಗಾವಿ ಪಶುವೈದ್ಯೆ

ಸರ್, ಸಾಕಬಹುದು. ಬೆಕ್ಕಿಗೆ ಮಾಂಸ ಬೇಕೇ ಬೇಕು, ಅದರ ಮೈಯೇ ಹಾಗಿದೆ. ನಾಯಿ ಹಾಗಲ್ಲ, ಎರಡೂ ತಿಂದು ಬದುಕುವ ಪ್ರಾಣಿ. ಬೆಳೆದ, ಆರೋಗ್ಯವಾಗಿರುವ ನಾಯಿಯನ್ನು ಸಸ್ಯಾಹಾರದಲ್ಲಿ ಇಡಬಹುದು. ಆದರೆ ಬರೀ ರೊಟ್ಟಿ ಮಜ್ಜಿಗೆಯಲ್ಲಿ ಅಲ್ಲ. ಪ್ರೋಟೀನಿಗೆ ಪನೀರ್, ಗಟ್ಟಿ ಮೊಸರು, ಚೆನ್ನಾಗಿ ಬೆಂದ ಹೆಸರುಬೇಳೆ, ಸೋಯಾ ಬೇಕು. ಆದರೂ ಮೆಥಿಯೋನಿನ್, ಟಾರಿನ್ ಅನ್ನುವ ಅಮೈನೋ ಆಮ್ಲಗಳು, ಬಿ12, ಡಿ3, ಸತುವಿನ ಕೊರತೆ ಉಳಿಯಬಹುದು. ಟಾರಿನ್ ಕಡಿಮೆ ಆದರೆ ಕೆಲವು ನಾಯಿಗಳ ಹೃದಯದ ಸ್ನಾಯು ಸಡಿಲವಾಗುತ್ತದೆ. ಹಾಗಾಗಿ ನಿಮ್ಮಂಥ ಮನೆಗೆ ನಾನು ಹೇಳುವುದು ಇದು. ಸಸ್ಯಾಹಾರದ ಪ್ಯಾಕೆಟ್ ಆಹಾರಗಳು ಮಾರುಕಟ್ಟೆಯಲ್ಲಿವೆ. ಚೀಲದ ಮೇಲೆ ಇದು ಪೂರ್ಣ, ಸಮತೋಲಿತ ಆಹಾರ ಅಂತ ಬರೆದಿರಬೇಕು. ಪೂರಕ ಆಹಾರ ಅಂತ ಇದ್ದರೆ ಅದನ್ನೇ ನೆಚ್ಚಿಕೊಳ್ಳಬೇಡಿ. ಅದನ್ನು ಮುಖ್ಯ ಊಟವಾಗಿ ಕೊಡಿ, ಮನೆಯ ಮೊಸರು, ಬೇಳೆ ಮೇಲೆ ಹಾಕಿ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ.

ಮರಿಗೆ, ಬಸುರಿಗೆ, ಮೊಲೆಯುಣಿಸುವ ತಾಯಿಗೆ ಮಾತ್ರ ಮನೆಯಲ್ಲೇ ಸಸ್ಯಾಹಾರದ ಪ್ರಯೋಗ ಬೇಡ. ಆ ಹೊತ್ತಿಗೆ ತಪ್ಪಿದ್ದನ್ನು ಆಮೇಲೆ ತುಂಬಲು ಆಗೋದಿಲ್ಲ.

ಜಮಖಂಡಿ ಮೇಷ್ಟ್ರು

ತುಂಬಾ ಉಪಕಾರ ಆಯಿತು ಮೇಡಂ. ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ.

ಮುಧೋಳ ನಾಯಿಯ ಮಾತು ಬಂದದ್ದಕ್ಕೆ ಒಂದು ಮಾತು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ತಂದಿತು. 2016ರಲ್ಲಿ ಸೇನೆ ಇದರ ಮರಿಗಳನ್ನು ಮೀರತ್ತಿಗೆ ತರಬೇತಿಗೆ ಒಯ್ದಿತು. ನಮ್ಮ ಜಿಲ್ಲೆಯ ಹೆಮ್ಮೆ ಅದು. ಮುಧೋಳ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವೇ ಇದೆ. ಹೆಸರಿಗೆ ಹೆಮ್ಮೆ ಪಡುವ ನಾವು ತಟ್ಟೆಯ ಕಡೆಯೂ ಅಷ್ಟೇ ಗಮನ ಕೊಡಬೇಕು. ಮರಿ ತರುವವರು ಅಲ್ಲಿ ಹೋಗಿ ಊಟದ ಬಗ್ಗೆಯೂ ಕೇಳಿಕೊಂಡು ಬರಲಿ.

ಖಾನಾಪುರ ಮಳೆ

ಇಲ್ಲಿ ಯಾರೂ ಬೂಷ್ಟಿನ ವಿಷಯ ಎತ್ತಲಿಲ್ಲ. ನಮ್ಮ ಖಾನಾಪುರ ಕಡೆ ಮಳೆಗಾಲದಲ್ಲಿ ಗೋವಿನಜೋಳ, ಶೇಂಗಾ ಬೂಷ್ಟು ಹಿಡಿಯುತ್ತವೆ. "ಮನುಷ್ಯರಿಗೆ ಬೇಡ, ನಾಯಿಗೆ ಹಾಕೋಣ" ಅಂತ ಬೀಸಿ ಗಂಜಿ ಮಾಡುತ್ತಾರೆ. ನೋಡಿದರೆ ಕರುಳು ಚುರ್ ಅನ್ನುತ್ತದೆ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರುತ್ತದೆ, ನಾಯಿಯ ಈಲಿ ಕೆಡುತ್ತದೆ ಅಂತ ನಮ್ಮ ಊರಿನ ಪಶುವೈದ್ಯರು ಹೇಳಿದ್ದರು. ಹೌದಾ ಮೇಡಂ?

ಬೆಳಗಾವಿ ಪಶುವೈದ್ಯೆ

ಹೌದು. ನಾಯಿ ಅಫ್ಲಾಟಾಕ್ಸಿನ್ ತಡೆಯುವ ಪ್ರಾಣಿಯೇ ಅಲ್ಲ. ಇನ್ನೊಂದು ಮಾತು, ಕುದಿಸಿದರೂ ಆ ವಿಷ ಹೋಗೋದಿಲ್ಲ. ಬೂಷ್ಟು ಒರೆಸಿ, ತೊಳೆದು ಹಾಕಿದರೂ ಉಪಯೋಗ ಇಲ್ಲ. ಕಪ್ಪಾದ ಜೋಳ, ವಾಸನೆ ಬಂದ ಹಿಟ್ಟು, ಪ್ಯಾಕೆಟ್ ಬಿಚ್ಚಿ ತಿಂಗಳುಗಟ್ಟಲೆ ಇಟ್ಟ ಒಣ ಆಹಾರ ಎಲ್ಲವನ್ನೂ ಬಿಸಾಡಿ. ಮಳೆಗಾಲದಲ್ಲಿ ಸಣ್ಣ ಚೀಲ ತಂದು, ಮುಚ್ಚಳ ಗಟ್ಟಿ ಇರುವ ಡಬ್ಬಿಯಲ್ಲಿಡಿ.

ಲೋಕಾಪುರದ ಹೊಲ

ಇನ್ನೊಂದು ನನ್ನ ಕಡೆಯಿಂದ. ಓಡಿಸಿಕೊಂಡು ಬಂದ ಕೂಡಲೇ ಉಣ್ಣಿಸಬಾರದು, ಉಂಡ ಕೂಡಲೇ ಓಡಿಸಬಾರದು. ನಮ್ಮಪ್ಪ ಇದನ್ನು ಬಹಳ ಕಟ್ಟುನಿಟ್ಟಾಗಿ ನಡೆಸುತ್ತಿದ್ದರು.

ಬೆಳಗಾವಿ ಪಶುವೈದ್ಯೆ

ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಕಾಕಾ. ಆಳ ಎದೆಯ ನಾಯಿಗಳಲ್ಲಿ ಹೊಟ್ಟೆ ಗಾಳಿ ತುಂಬಿ ಉಬ್ಬಿ, ತಿರುಚಿಕೊಳ್ಳುವ ಅಪಾಯ ಹೆಚ್ಚು. ಮುಧೋಳ ನಾಯಿಯ ಎದೆಯೂ ಆಳ. ದಿನಕ್ಕೆ ಒಂದೇ ಸಲ ರಾಶಿ ಹಾಕುವುದರಿಂದ ಅಪಾಯ ಏರುತ್ತದೆ. ಹೊಟ್ಟೆ ಡೊಳ್ಳಿನ ಹಾಗೆ ಉಬ್ಬಿದೆ, ವಾಂತಿಗೆ ಒದ್ದಾಡುತ್ತದೆ, ಏನೂ ಬರೋದಿಲ್ಲ, ನಿಂತಲ್ಲಿ ನಿಲ್ಲೋದಿಲ್ಲ ಅಂತ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಕೆಲವೇ ಗಂಟೆಗಳಲ್ಲಿ ಜೀವ ಹೋಗುತ್ತದೆ. ಉಂಡ ಮೇಲೆ ಒಂದೆರಡು ಗಂಟೆ ವಿಶ್ರಾಂತಿ ಇರಲಿ.

ಬೇಸಿಗೆಯ ಮಾತೂ ಹೇಳಿಬಿಡುತ್ತೇನೆ. ವಿಜಯಪುರ, ಬಾಗಲಕೋಟೆಯಲ್ಲಿ 40 ಡಿಗ್ರಿ ದಾಟುವ ದಿನಗಳಲ್ಲಿ ನಾಯಿ ತಾನಾಗಿಯೇ ಕಡಿಮೆ ತಿನ್ನುತ್ತದೆ. ಗಾಬರಿ ಬೇಡ. ಬಿಸಿಲೇರುವ ಮೊದಲು ಒಂದು ಸಲ, ಹೊತ್ತು ಮುಳುಗಿದ ಮೇಲೆ ಒಂದು ಸಲ ಹಾಕಿ. ಉಳಿಸಿದ ಊಟ ಅರ್ಧ ಗಂಟೆಗೆ ಎತ್ತಿಬಿಡಿ, ಬೇಗ ಹಳಸುತ್ತದೆ. ನೀರು ಸಾಧಾರಣ ದಿನಗಳಲ್ಲಿ ಕೆಜಿಗೆ 50–60 ಮಿಲಿ ಬೇಕು. ಚಿನ್ನಿಗೆ ಸುಮಾರು ಒಂದೂಕಾಲು ಲೀಟರ್. ಬಿಸಿಲಲ್ಲಿ ಇನ್ನೂ ಹೆಚ್ಚು. ಆದರೆ ಎರಡು ದಿನ ಊಟ ಮುಟ್ಟದೆ ಇದ್ದರೆ, ಮೈ ಬಿಸಿ ಇದ್ದರೆ, ಅದು ಬಿಸಿಲಿನಿಂದ ಅಂತ ಸುಮ್ಮನಿರಬೇಡಿ. ಉಣ್ಣೆಹುಳ ಕಚ್ಚಿ ಬರುವ ಉಣ್ಣೆಜ್ವರ ನಮ್ಮ ಭಾಗದಲ್ಲಿ ತುಂಬಾ ಇದೆ. ಅದರ ಮೊದಲ ಲಕ್ಷಣವೇ ಊಟ ಬಿಡುವುದು.

ಇಳಕಲ್ ಅಕ್ಕ

ನಮ್ಮ ರಾಜಾ ದಪ್ಪ ಇದ್ದಾನೆ, ಎಲುಬು ಕೈಗೂ ಸಿಗೋದಿಲ್ಲ. ದಪ್ಪ ನಾಯಿ ಗಟ್ಟಿ ನಾಯಿ ಅಂತ ಮನೆಯವರು ಖುಷಿ ಪಡುತ್ತಾರೆ. ಚಹಾದ ಹೊತ್ತಿಗೆ ಎಲ್ಲರೂ ಒಂದೊಂದು ಗ್ಲೂಕೋಸ್ ಬಿಸ್ಕತ್ತು ಕೊಡುತ್ತಾರೆ. ಬೆಳಗಾವಿಗೆ ಹೋದವರು ಕುಂದಾ ತಂದರೂ ಅವನಿಗೊಂದು ಪಾಲು.

ಬೆಳಗಾವಿ ಪಶುವೈದ್ಯೆ

ಅಕ್ಕಾ, ಪ್ರೀತಿಯಿಂದಲೇ ಕೊಡುತ್ತೀರಿ, ಗೊತ್ತು. ಆದರೆ ಕೇಳಿ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ 25% ಕಡಿಮೆ ಊಟ ಕೊಟ್ಟು ಜೀವನಪೂರ್ತಿ ನೋಡಿದರು. ಫಲಿತಾಂಶ 2002ರಲ್ಲಿ ಬಂತು. ಕಡಿಮೆ ತಿಂದು ತೆಳ್ಳಗಿದ್ದ ಗುಂಪಿನ ಮಧ್ಯಮ ಆಯಸ್ಸು 13 ವರ್ಷ, ಇನ್ನೊಂದು ಗುಂಪಿನದು 11.2 ವರ್ಷ. ಕೀಲುನೋವು ಕೂಡ ಅವಕ್ಕೆ ತಡವಾಗಿ ಬಂತು. ಹತ್ತಿರ ಹತ್ತಿರ ಎರಡು ವರ್ಷ ರಾಜಾ ನಿಮ್ಮ ಜೊತೆ ಹೆಚ್ಚು ಇರುತ್ತಾನೆ ಅಂದರೆ ಬಿಸ್ಕತ್ತು ಬಿಡೋದಿಲ್ವಾ?

ತಿಂಡಿ ತಿನಿಸು ಎಲ್ಲಾ ಸೇರಿ ದಿನದ ಊಟದ ಹತ್ತರಲ್ಲಿ ಒಂದು ಪಾಲು ದಾಟಬಾರದು. ಬಿಸ್ಕತ್ತಿನ ಬದಲು ಸೌತೆಕಾಯಿ, ಗಜ್ಜರಿ, ಬೀಜ ತೆಗೆದ ಸೇಬಿನ ಚೂರು ಕೊಡಿ. ಕುಂದಾ, ಕರಿದ ತಿಂಡಿ, ತುಪ್ಪ ಒಮ್ಮೆಗೆ ಜಾಸ್ತಿ ಹೋದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ. ತಡೆಯಲಾರದ ಹೊಟ್ಟೆನೋವು ಅದು. ದಪ್ಪ ನಾಯಿಗೆ ಅದರ ಅಪಾಯ ಇನ್ನೂ ಹೆಚ್ಚು.

ಮೈ ಸರಿ ಇದೆಯಾ ಅಂತ ಕೈಯಲ್ಲೇ ನೋಡಬಹುದು. ಪಕ್ಕೆಯ ಮೇಲೆ ಅಂಗೈ ಹಗುರವಾಗಿ ಆಡಿಸಿ. ಒತ್ತದೇ ಎಲುಬು ಎಣಿಸಲು ಸಿಗಬೇಕು. ಮೇಲಿಂದ ನೋಡಿದರೆ ಸೊಂಟ ಕಾಣಬೇಕು. ಬೆನ್ನುಹುರಿಯ ಮೂಳೆ, ಸೊಂಟದ ಮೂಳೆ ಚೂಪಾಗಿ ಎದ್ದು, ತೊಡೆಯ ಮಾಂಸ ಇಳಿದಿದ್ದರೆ ಅದು ಸೊರಗಿದ್ದು.

ನವನಗರದ ಚಿನ್ನಿ ಮನೆ

ಚಿನ್ನಿಗೆ ಈಗಲೇ ಕೈಯಾಡಿಸಿ ನೋಡಿದೆವು. ತೊಡೆ ಗಟ್ಟಿ ಇದೆ, ಸೊಂಟದ ಮೂಳೆ ಚುಚ್ಚೋದಿಲ್ಲ. ಅಜ್ಜಿಯ ಕೈಯಿಂದಲೇ ನೋಡಿಸಿದೆ, ಅವರಿಗೂ ಸಮಾಧಾನ ಆಯಿತು. ಒಂದೇ ಅನುಮಾನ ಉಳಿದಿದೆ. ತಮ್ಮ ತಂದ ಪ್ಯಾಕೆಟ್ ಇನ್ನೂ ಅರ್ಧ ಚೀಲ ಇದೆ. ನಾಳೆಯಿಂದಲೇ ಪೂರ್ತಿ ಮನೆಯೂಟಕ್ಕೆ ಹೋಗಬಹುದಾ?

ಬೆಳಗಾವಿ ಪಶುವೈದ್ಯೆ

ಒಮ್ಮೆಲೇ ಬೇಡ, ಭೇದಿ ಆಗುತ್ತದೆ. ಮೊದಲ ಎರಡು ದಿನ ಮುಕ್ಕಾಲು ಹಳೆಯದು, ಕಾಲು ಹೊಸದು. ಆಮೇಲೆ ಅರ್ಧ ಅರ್ಧ. ಹೀಗೆ ಏಳರಿಂದ ಹತ್ತು ದಿನದಲ್ಲಿ ಬದಲಿಸಿ. ಮಲ ಸಡಿಲವಾದರೆ ಒಂದು ಹೆಜ್ಜೆ ಹಿಂದೆ ಹೋಗಿ. ಪೂರ್ತಿ ಬದಲಿಸಲೇಬೇಕು ಅಂತಲೂ ಇಲ್ಲ. ಒಂದು ಹೊತ್ತು ಪ್ಯಾಕೆಟ್, ಒಂದು ಹೊತ್ತು ಮನೆಯೂಟ ಕೊಟ್ಟರೂ ನಡೆಯುತ್ತದೆ. ಆಗ ಎರಡರ ಅಳತೆಯನ್ನೂ ಅರ್ಧ ಮಾಡಿ, ಸಿಪ್ಪೆಪುಡಿಯನ್ನೂ ಅರ್ಧ ಮಾಡಿ. ಮುಂದಿನ ತಿಂಗಳು ಮತ್ತೆ ತೂಕ ನೋಡಿ. ನೀವು ಅವಳನ್ನು ಎತ್ತಿಕೊಂಡು ತಕ್ಕಡಿ ಮೇಲೆ ನಿಂತು, ನಿಮ್ಮ ತೂಕ ಕಳೆದರೆ ಸಾಕು.

ಲೋಕಾಪುರದ ಹೊಲ

24 ಕೆಜಿ ಎತ್ತಲು ಆಗದಿದ್ದರೆ ಹಿಟ್ಟಿನ ಗಿರಣಿಯ ತಕ್ಕಡಿಗೆ ಕರೆದುಕೊಂಡು ಹೋಗು ತಂಗಿ. ನಾವು ಅಲ್ಲೇ ತೂಗಿಸುತ್ತೇವೆ. ಬೆಳಿಗ್ಗೆ ಉಣ್ಣಿಸುವ ಮೊದಲು ಹೋಗಬೇಕು.